ಬಿರಡೆ ಗೇರು, ಗಾಳದ ಗೇರು

ಫೆಬ್ರವರಿ 10, ಸೋಮವಾರ

ಇವತ್ತು ನಮ್ಮವರ ಬಲಗೈಯ ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಹೊರಬಂದ ಬಡಕಲು ಕೈ ನೋಡಿ ನನಗೆ ಅಳು ಬಂತು, ಅವರಿಗೆ ನಗು. “ಯಾರದ್ದೋ ಕೈ ಜೋಡಿಸ್ಬಿಟ್ಟಿದ್ದೀರಲ್ಲ ಡಾಕ್ಟ್ರೇ” ಎಂದರು. ಡಾಕ್ಟರು ತಮ್ಮ ಅಂಗೈ ಚಾಚಿ, ಹೆಬ್ಬೆರಳಿನಿಂದ ಒತ್ತಿ ನೋಡೋಣ ಎಂದರು. ಇವರು ಒತ್ತಿದರು. “ಒತ್ತಿ” ಎಂದರು ಡಾಕ್ಟರು. “ಒತ್ತಿದೀನಲ್ಲ” ಎಂದರು ಇವರು. ನಗು ಅಲ್ಲಿಗೆ ನಿಂತಿತು.

ಮುರಿದ ಮಣಿಕಟ್ಟು ಕೂಡಿಕೊಂಡಿದೆಯಂತೆ. ಆದರೆ ಹೆಬ್ಬೆರಳಿನ ನರ ಒಳಗೇ ಸವೆದು ಬಲ ಕಳೆದುಕೊಂಡಿದೆ. ಅಂಗಿಯ ಗುಂಡಿ ಹಾಕಬಹುದು, ಲೋಟ ಹಿಡಿಯಬಹುದು, ನೀರು ಸರಬರಾಜು ಆಫೀಸಿನ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಗಟ್ಟಿಯಾಗಿ ಒತ್ತುವ ಶಕ್ತಿ ಮಾತ್ರ ಮೊದಲಿನಂತೆ ಬರುವುದು ಅನುಮಾನ. ಡಾಕ್ಟರು ಇದನ್ನು ಒಳ್ಳೆಯ ಸುದ್ದಿ ಎಂಬಂತೆ ಹೇಳಿದರು. ಪಾಪ, ಅವರಿಗೇನು ಗೊತ್ತು ನಮ್ಮ ಮನೆಯ ನಡುಮನೆಯಲ್ಲಿ ನಿಂತಿರುವ ನನ್ನ ಸವತಿಯ ವಿಷಯ.

ಸವತಿ ಎಂದರೆ ಸೈಕಲ್ಲು. ಬಾಗಿದ ಹ್ಯಾಂಡಲಿನ, ತೆಳು ಚಕ್ರದ ರೋಡ್ ಬೈಕು. ಹೋಗುವಾಗ ಬರುವಾಗ ನನ್ನ ಬಟ್ಟೆಗೆ ಗ್ರೀಸ್ ಮೆತ್ತುತ್ತದೆ. ಅದನ್ನು ಒರೆಸಲು ನನ್ನ ದಿಂಬಿನ ಕವರುಗಳು ಒಂದೊಂದಾಗಿ ಮಾಯವಾಗುತ್ತವೆ. ನಾವು ಮದುವೆಯಾದ ವರ್ಷ ಕೊಂಡದ್ದು. ನನಗೆ ಕೊಡಿಸಿದ ಉಂಗುರಕ್ಕಿಂತ ಅದರ ಗೇರಿನ ವಿಷಯವೇ ಅವರಿಗೆ ಚೆನ್ನಾಗಿ ನೆನಪಿದೆ.

ಇಷ್ಟು ವರ್ಷ ರಸ್ತೆಯ ಮೇಲೆ ಒಂದು ಸಲವೂ ಬೀಳದ ಮಹಾನುಭಾವರು ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಬಿದ್ದರು. ಬಿದ್ದ ಕೂಡಲೇ ಹೇಳಿದ್ದು, “ಸೈಕಲ್ ಮೇಲಿಂದ ಬಿದ್ದಿದ್ದಲ್ಲ, ಅದನ್ನ ಎಲ್ರಿಗೂ ಹೇಳು.” ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ಫೆಬ್ರವರಿ 14, ಶುಕ್ರವಾರ

ನಾನು ನನ್ನ ಕನ್ನಡಕದ ಅಂಗಡಿ ಮುಚ್ಚಿ ಮನೆಗೆ ಬಂದಾಗ ಸೈಕಲ್ಲಿನ ಮೇಲೆ ಹಳೆಯ ಹೊದಿಕೆ ಹೊದಿಸಿತ್ತು. ಏನೆಂದು ಕೇಳಿದೆ. “ಧೂಳು” ಎಂದರು. ಊಟ ಮಾಡುವಾಗ ತಾವಾಗಿಯೇ ಹೇಳಿದರು: ರಸ್ತೆಯ ತುದಿವರೆಗೆ ಹೋಗಿದ್ದರಂತೆ. ಗೇರು ಹಗುರಕ್ಕೆ ಹೋಯಿತು, ವಾಪಸು ಬರಲಿಲ್ಲ. ಮಟ್ಟಸ ರಸ್ತೆಯಲ್ಲಿ ಗಾಳಿಯಲ್ಲಿ ಕಾಲಾಡಿಸುವ ಕೂಸಿನ ಹಾಗೆ ಪೆಡಲು ತುಳಿಯುತ್ತಾ ಮನೆಗೆ ಬಂದರಂತೆ. ಯಾರೂ ನೋಡಲಿಲ್ಲವಂತೆ. ಎರಡು ಸಲ ಹೇಳಿದರು, ಯಾರೂ ನೋಡಲಿಲ್ಲ ಎಂದು.

ನನ್ನ ಬಟ್ಟೆಗೆ ಇನ್ನು ಗ್ರೀಸ್ ಮೆತ್ತುವುದಿಲ್ಲ. ಸಂತೋಷವಾಗಬೇಕಿತ್ತು.

ಫೆಬ್ರವರಿ 23, ಭಾನುವಾರ

ಮೈದುನ ಬಂದಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ಸವಾರಿ ಹೋಗುವುದು, ಹಿಂದಿರುಗಿ ನನ್ನ ಅಡುಗೆಮನೆಯಲ್ಲಿ ಜಗಳವಾಡುವುದು ರೂಢಿ. ಇವತ್ತು ಸವಾರಿ ಇಲ್ಲ, ಜಗಳ ಮಾತ್ರ ಇತ್ತು.

ಯಾವತ್ತೂ ಒಂದೇ ಜಗಳ. ನಮ್ಮವರ ಸೈಕಲ್ಲಿಗೆ ಒಂದು ಕಂಪನಿಯ ಗೇರು, ಮೈದುನನದ್ದಕ್ಕೆ ಇನ್ನೊಂದರದ್ದು. ಮೈದುನನ ಕಂಪನಿಯವರು ಮೀನು ಹಿಡಿಯುವ ಗಾಳದ ಸಾಮಾನನ್ನೂ ಮಾಡುತ್ತಾರಂತೆ. ಅದಕ್ಕೆ ಇವರು ಅವರನ್ನು ಗಾಳದವರು ಎನ್ನುತ್ತಾರೆ. ಇವರ ಕಂಪನಿ ಒಂದು ಕಾಲದಲ್ಲಿ ಬಾಟಲಿಯ ಬಿರಡೆ ಕೀಳುವ ತಿರುಪನ್ನೂ ಮಾಡಿತ್ತಂತೆ. ಅದಕ್ಕೆ ಅವನ ಬಾಯಲ್ಲಿ ಇವರು ಬಿರಡೆಯವರು. ಎರಡೂ ಕಡೆಯವರ ನಿಜವಾದ ಹೆಸರು ನನಗೆ ಈಗಲೂ ನೆಟ್ಟಗೆ ಉಚ್ಚರಿಸಲು ಬರುವುದಿಲ್ಲ, ಬರುವುದೂ ಬೇಡ.

ಇವತ್ತು ಮೈದುನ ಚಹಾ ಹಿಡಿದುಕೊಂಡು ಮೆಲ್ಲಗೆ ಶುರುಮಾಡಿದ. “ಅಣ್ಣಾ, ಬೇಜಾರು ಮಾಡ್ಕೋಬೇಡ. ಗಾಳದವರ ಗೇರಲ್ಲಿ ಹೆಬ್ಬೆರಳಿನ ಕೆಲ್ಸಾನೇ ಇಲ್ಲ. ಎಲ್ಲಾ ಮುಂದಿನ ಬೆರಳಲ್ಲೇ ಆಗುತ್ತೆ.”

ಇವರು ತಮ್ಮ ಚಹಾ ಲೋಟವನ್ನು ಎಡಗೈಗೆ ದಾಟಿಸಿಕೊಂಡರು.

“ಏಪ್ರಿಲ್‌ಗೆ ದೀಪಸ್ತಂಭದ ದಿಬ್ಬ ಹತ್ಬೇಕಲ್ಲ ನಾವು. ಪ್ರತಿ ವರ್ಷ ಹತ್ತಿದೀವಿ.”

“ನಾನೇನು ಅಂದಿದ್ದೆ ನೆನಪಿದ್ಯಾ?”

“ಅದು ತಮಾಷೆಗೆ ಅಂದಿದ್ದು ಕಣೋ ಅಣ್ಣಾ.”

“ನಾನು ತಮಾಷೆಗೆ ಅಂದಿರ್ಲಿಲ್ಲ.”

ಅವರು ಅಂದದ್ದು ನನಗೂ ನೆನಪಿದೆ. ಯೌವನದ ಅಮಲಿನಲ್ಲಿ, ಹತ್ತು ಜನ ಸವಾರರ ಎದುರು: “ಗಾಳದವರ ಗೇರು ನನ್ನ ಸೈಕಲ್ಲಿಗೆ ಹತ್ತಿದ ದಿನ ಮೀಸೆ ಬೋಳಿಸ್ತೀನಿ.” ಆ ಮೀಸೆಗೆ ದಿನಾ ಬೆಳಿಗ್ಗೆ ಬಾಚಣಿಗೆ ಬೇರೆ.

“ನಿಂಗೆ ಬೇಕಾದ್ರೆ ಸೈಕಲ್ ತಗೊಂಡ್ಹೋಗು” ಎಂದು ಎದ್ದು ಒಳಗೆ ಹೋದರು. ಜಗಳವೆಂದರೆ ಇಬ್ಬರೂ ಕೂಗಬೇಕು, ನಾನು ಸೌಟು ಹಿಡಿದು ಬರಬೇಕು. ಇದು ಅಂಥದ್ದಲ್ಲ. ಮೈದುನ ಚಹಾ ಹಾಗೇ ಬಿಟ್ಟು ಹೋದ. ಬಾಗಿಲಲ್ಲಿ, “ಅತ್ತಿಗೆ, ಇವನಿಲ್ದೆ ನಾನು ಯಾರ ಹತ್ರ ಜಗಳ ಆಡ್ಲಿ?” ಎಂದ. ಐವತ್ತು ದಾಟಿದ ಗಂಡಸು. ಕಣ್ಣು ತುಂಬಿತ್ತು.

ಫೆಬ್ರವರಿ 26, ಬುಧವಾರ

ಅಂಗಡಿಯಲ್ಲಿ ನಗು ತಡೆಯುವುದೇ ಕಷ್ಟವಾಯಿತು. ಬಾಡಿಗೆ ಕಾರು ಓಡಿಸುವ ಒಬ್ಬ ಹಿರಿಯರು ಲೈಸೆನ್ಸಿಗೆಂದು ಕಣ್ಣು ಪರೀಕ್ಷೆಗೆ ಬಂದಿದ್ದರು. ಅಕ್ಷರದ ಬೋರ್ಡನ್ನು ಗಡಗಡ ಓದಿದರು, ಕೊನೆಯ ಸಾಲಿನ ಇರುವೆಯಷ್ಟು ಸಣ್ಣ ಅಕ್ಷರವನ್ನೂ. ನಾನು ಸುಮ್ಮನೆ ಎದ್ದು ಬೇರೆ ಬೋರ್ಡು ತೂಗಿಹಾಕಿ ಬಂದೆ. ಮತ್ತೆ ಗಡಗಡ ಓದಿದರು. ಹಳೆಯ ಬೋರ್ಡನ್ನೇ!

“ಅಪ್ಪಾವ್ರೇ, ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಿ.”

“ಹೊರಗೆ ಕೂತಾಗ ಬಾಗಿಲು ತೆಗ್ದಿತ್ತಮ್ಮಾ, ಮುಂಚಿನವ್ರು ಓದಿದ್ದು ಕೇಳಿಸ್ತು” ಎಂದು ತಲೆ ತಗ್ಗಿಸಿದರು.

ಕನ್ನಡಕ ಬೇಡ ಎನ್ನುವವರ ಬಾಯಿಯ ಮಾತನ್ನು ನಾನು ನಂಬುವುದೇ ಇಲ್ಲ. ಒಂದು ಗಾಜು ಹಾಕಿ “ಇದಾ?” ಎನ್ನುತ್ತೇನೆ, ಇನ್ನೊಂದು ಹಾಕಿ “ಅದಾ?” ಎನ್ನುತ್ತೇನೆ. ಉತ್ತರಕ್ಕಿಂತ ಮೊದಲು ಹುಬ್ಬು ಸಡಿಲವಾಗುತ್ತದಲ್ಲ, ಅದೇ ಉತ್ತರ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಇವರಿಗೆ ಹೇಳಿದೆ. ಹೂಂ ಎಂದರು. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಮಾರ್ಚ್ 5, ಬುಧವಾರ

ಸೈಕಲ್ ಅಂಗಡಿಗೆ ಹೋಗಿದ್ದೆ. ಅದನ್ನು ನಡೆಸುವ ಹೆಂಗಸನ್ನು ನಾವು ಗ್ರೀಸಕ್ಕ ಎನ್ನುತ್ತೇವೆ. ಮೊಣಕೈವರೆಗೂ ಕಪ್ಪು, ಕಿವಿಯ ಹಿಂದೆ ಪೆನ್ಸಿಲಿನ ಬದಲು ಸಣ್ಣ ಸ್ಪ್ಯಾನರು. ಇವರು ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಈಕೆಯ ಜೊತೆ ಆಡಿದ್ದಾರೆ ಎಂದು ಒಂದು ಕಾಲದಲ್ಲಿ ನನಗೆ ಹೊಟ್ಟೆಕಿಚ್ಚೂ ಇತ್ತು. ಇವತ್ತು ಆಕೆಯೇ ಕುರ್ಚಿ ಒರೆಸಿ ಕೊಟ್ಟಳು. “ಕೂತ್ಕೊಳ್ಳಿ ಮೇಡಂ. ಸಾಹೇಬ್ರು ಇಲ್ದೆ ಅಂಗ್ಡೀಲಿ ಗಲಾಟೇನೇ ಇಲ್ಲ” ಎಂದಳು.

ಗೇರಿನ ಸಂಗತಿ ತಿಳಿಸಿಕೊಟ್ಟಳು. ಮರೆಯುವ ಮೊದಲು ಬರೆದಿಡುತ್ತೇನೆ. ಎರಡೂ ಕಂಪನಿಯಲ್ಲಿ ಗೇರಿನ ಲಿವರ್ ಇರುವುದು ಬ್ರೇಕಿನ ಜೊತೆಯಲ್ಲೇ. ಬಿರಡೆಯವರದ್ದರಲ್ಲಿ ಬ್ರೇಕಿನ ಹಿಂದೆ ಒಂದು ಲಿವರ್, ಬೆರಳಲ್ಲಿ ಒಳಗೆ ತಳ್ಳಿದರೆ ಗೇರು ಹಗುರ. ಒಳಮಗ್ಗುಲಲ್ಲಿ ಹೆಬ್ಬೆರಳಿಗೆ ಒಂದು ಗುಂಡಿ, ಒತ್ತಿದರೆ ಭಾರ. ಗಾಳದವರದ್ದರಲ್ಲಿ ಬ್ರೇಕನ್ನೇ ಒಳಕ್ಕೆ ಸರಿಸಿದರೆ ಹಗುರ, ಅದರ ಬೆನ್ನಿಗಿರುವ ಸಣ್ಣ ಎಲೆಯನ್ನು ತಳ್ಳಿದರೆ ಭಾರ. ಹೆಬ್ಬೆರಳು ಸುಮ್ಮನೆ ಕೂತಿರಬಹುದು. ಇದು ಬಲಗೈಯ ಲೆಕ್ಕ, ಹಿಂದಿನ ಹಲ್ಲುಚಕ್ರಕ್ಕೆ; ಎಡಗೈಯದ್ದು ಪೆಡಲಿನ ಪಕ್ಕದ ಹಲ್ಲುಚಕ್ರಕ್ಕೆ.

“ಯಾವ್ದು ಒಳ್ಳೇದು?” ಎಂದೆ.

“ಇದನ್ನ ಕೇಳಿ ಎಷ್ಟು ಸ್ನೇಹ ಮುರಿದಿದೆ ಗೊತ್ತಾ ಮೇಡಂ?” ಎಂದು ನಕ್ಕಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾಳೆ, ಎರಡೂ ಮಾರಬೇಕಲ್ಲ. ಬ್ಯಾಟರಿಯದ್ದೂ ಬಂದಿದೆಯಂತೆ, ಗುಂಡಿ ಮುಟ್ಟಿದರೆ ಸಾಕಂತೆ. ಇವರ ಉತ್ತರ ನನಗೆ ಗೊತ್ತು: ಬ್ಯಾಟರಿ ಟಾರ್ಚಿಗೆ.

ಮಾರ್ಚ್ 11, ಮಂಗಳವಾರ

ಹಿಡಿದು ನೋಡದೆ ಹೇಗೆ ತಿಳಿಯುತ್ತದೆ? ಗ್ರೀಸಕ್ಕನ ಬಳಿ ಒಂದು ಗಾಳದ ಸೈಕಲ್ಲು, ಒಂದು ಬಿರಡೆಯದ್ದು ಬಾಡಿಗೆಗೆ ಇವೆ. ಎರಡನ್ನೂ ಕೆರೆಯ ದಂಡೆಯ ರಸ್ತೆಯಲ್ಲಿ ಒಂದೊಂದು ಸುತ್ತು ಹೊಡೆದೆ. ಹುಡುಗಿಯಾಗಿದ್ದಾಗ ತುಳಿದದ್ದು, ಕಾಲು ಮರೆತಿಲ್ಲ, ಸೊಂಟ ಮರೆತಿದೆ.

ಗಾಳದ್ದು ಮೆತ್ತಗೆ, ಗೇರು ಬಿದ್ದದ್ದೇ ತಿಳಿಯುವುದಿಲ್ಲ. ಬಿರಡೆಯದ್ದು ಹಾಗಲ್ಲ. ಗುಂಡಿ ಒತ್ತಿದರೆ “ಕಟಕ್” ಎಂದು ಕೈಗೇ ಹೇಳಿ ಬದಲಾಗುತ್ತದೆ. ಇವರು ಇಷ್ಟು ವರ್ಷ ಆ ಸದ್ದಿನ ಬಗ್ಗೆ ಹೇಳುವಾಗ ನಾನು ಈರುಳ್ಳಿ ಹೆಚ್ಚುತ್ತಾ ಹೂಂಗುಟ್ಟುತ್ತಿದ್ದೆ. ನನಗೇನೂ ಅದರಲ್ಲಿ ಆಸಕ್ತಿ ಇಲ್ಲ. ಅವರ ಕೈಗಾಗಿ ನೋಡಿದೆ, ಅಷ್ಟೆ.

ಮಾರ್ಚ್ 13, ಗುರುವಾರ

ಗುಂಡಿಯನ್ನು ಸರಿಯಾಗಿ ಅಂದಾಜು ಮಾಡಿರಲಿಲ್ಲ ಎನಿಸಿತು. ಅಂಗಡಿ ತೆರೆಯುವ ಮುಂಚೆ ಇನ್ನೊಮ್ಮೆ ಹೋಗಿ ಬಂದೆ, ಕೆರೆಯ ಆಚೆ ದಂಡೆವರೆಗೆ. ಇವರಿಗೆ ತರಕಾರಿ ಅಂದೆ. ತರಕಾರಿ ತರುವುದು ಮರೆತುಬಿಟ್ಟಿದ್ದೆ.

ಮಾರ್ಚ್ 16, ಭಾನುವಾರ

ಇವತ್ತಿನದ್ದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ನನ್ನ ಲೆಕ್ಕಾಚಾರ ಇದು: ಎಡ ಹೆಬ್ಬೆರಳು ಗಟ್ಟಿಯಾಗಿದೆ. ಹಾಗಾಗಿ ಎಡಗಡೆ ಬಿರಡೆಯೇ ಇರಲಿ. ಹಿಂದಿನ ಚಕ್ರದ ಪಕ್ಕ ತೂಗಾಡುತ್ತಾ ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡಿರೇಲರ್ ಕೂಡ ಬಿರಡೆಯದ್ದೇ ಇರಲಿ. ಬಲಗಡೆಯ ಲಿವರೊಂದನ್ನು ಮಾತ್ರ ಗಾಳದ್ದು ಹಾಕಿದರೆ, ಸೈಕಲ್ಲು ಮುಕ್ಕಾಲು ಪಾಲು ಬಿರಡೆಯದ್ದೇ. ಮೀಸೆಯೂ ಉಳಿಯಿತು, ಸವಾರಿಯೂ ಉಳಿಯಿತು. ನನ್ನ ಅಂಗಡಿಯಲ್ಲಿ ಯಾವ ಕಂಪನಿಯ ಗಾಜನ್ನಾದರೂ ಯಾವ ಕಂಪನಿಯ ಫ್ರೇಮಿಗಾದರೂ ಕೂರಿಸುತ್ತೇನೆ. ಅಂಚು ಉಜ್ಜಿದರೆ ಆಯಿತು. ಗೇರಿಗೆ ಬೇರೆ ನ್ಯಾಯವೇ?

ಗ್ರೀಸಕ್ಕ ಊರಲ್ಲಿರಲಿಲ್ಲ. ಅವಳನ್ನು ಕೇಳುವ ತಾಳ್ಮೆ ನನಗೂ ಇರಲಿಲ್ಲ. ಬೇರೆ ಅಂಗಡಿಯಲ್ಲಿ ಲಿವರ್ ಕೊಂಡು, ನಮ್ಮವರು ಕೈ ವ್ಯಾಯಾಮಕ್ಕೆ ಹೋದ ಹೊತ್ತು ನೋಡಿ, ಕನ್ನಡಕದ ತಿರುಪು ಬಿಗಿಯುವ ಕೈಯಲ್ಲೇ ಕೂರಿಸಿದೆ. ಕೇಬಲ್ ಎಳೆದು ಕಟ್ಟಿದೆ. ಚಕ್ರ ಎತ್ತಿ ತಿರುಗಿಸಿದೆ. ಮೊದಲ ಗೇರು ಬಂತು, ಎರಡನೆಯದೂ ಬಂತು. ಅಹಾ ಎಂದುಕೊಂಡೆ. ಆಮೇಲೆ ಶುರುವಾಯಿತು ನೋಡಿ, ಕರಕರ, ಟಕಟಕ. ಚೈನು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಗಲೇ ಬಾಗಿಲಲ್ಲಿ ಇವರು.

ಹೊದಿಕೆ ಸರಿಸಿದ್ದನ್ನು ನೋಡಿದರು. ಲಿವರ್ ನೋಡಿದರು. ನನ್ನ ಮೂಗಿನ ಮೇಲಿನ ಗ್ರೀಸ್ ನೋಡಿದರು.

“ಏನೇ ಇದು?”

“ಅದೂ… ಒಂದೇ ಒಂದು ಲಿವರ್ರೀ. ಬಾಕಿ ಎಲ್ಲಾ ನಿಮ್ಮ ಬಿರಡೇನೇ.”

ಒಂದು ಕ್ಷಣ ಏನಾಗುತ್ತದೋ ಎಂದು ಹೆದರಿದೆ. ಅವರು ಗೋಡೆ ಹಿಡಿದುಕೊಂಡು ಕುಸಿದು ಕೂತರು. ನಗು! ಕಣ್ಣಲ್ಲಿ ನೀರು ಬರುವಷ್ಟು ನಗು. “ಅಯ್ಯೋ ಪುಣ್ಯಾತಗಿತ್ತಿ! ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಅದನ್ನ ನನ್ನ ಸೈಕಲ್ಲಿಗೆ ಕಟ್ಟಿಬಿಟ್ಟಿದ್ಯಲ್ಲೇ! ಗಾಳದ ಲಿವರ್ ಒಂದು ಸಲಕ್ಕೆ ಎಳೆಯೋ ಕೇಬಲ್ಲೇ ಬೇರೆ, ಬಿರಡೆ ಡಿರೇಲರ್‌ಗೆ ಬೇಕಾಗಿರೋ ಎಳೆತಾನೇ ಬೇರೆ. ಮೊದಮೊದ್ಲು ಸರಿ ಅನ್ಸುತ್ತೆ. ಹೋಗ್ತಾ ಹೋಗ್ತಾ ತಪ್ಪು ಕೂಡ್ಕೊಂಡು ಕೂಡ್ಕೊಂಡು ಚೈನು ನಡುನೀರಲ್ಲಿ ನಿಲ್ಲುತ್ತೆ.”

“ಅಂಚು ಉಜ್ಜಿದ್ರೆ?”

ಮತ್ತೆ ನಗು. ನೆಲದ ಮೇಲೆ ಕೂತೇ ಸಂಜೆಯವರೆಗೆ ಪಾಠ ಹೇಳಿದರು. ಎಡಗೈಯಲ್ಲಿ ಸೊಟ್ಟ ಚಿತ್ರ ಬರೆದು ತೋರಿಸಿದರು. ನಾನು ನಡುವೆ ಬಾಯಿ ಹಾಕಿ “ಹಾಗಿದ್ರೆ ಹಿಂದಿನ ಹಲ್ಲುಚಕ್ರಾನೂ ಅದೇ ಕಂಪನೀದೇ ಆಗ್ಬೇಕಾ?” ಎಂದಾಗ ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. “ಇಷ್ಟೆಲ್ಲಾ ಯಾರು ಹೇಳ್ಕೊಟ್ರೇ ನಿಂಗೆ?” ಎಂದರು.

ಲಿವರ್ ಬಿಚ್ಚಿ ಹಳೆಯದನ್ನು ಮತ್ತೆ ಕೂರಿಸಲು ಹೇಳಿಕೊಟ್ಟರು. ಕೂರಿಸಿದೆ. ಕೊನೆಗೆ ಸಣ್ಣ ದನಿಯಲ್ಲಿ, “ಹಾಕೋದಾದ್ರೆ ಪೂರ್ತಿ ಗಾಳದ್ದೇ ಹಾಕ್ಬೇಕು ಕಣೇ. ಅದು ಪಕ್ಷಾಂತರ. ನನ್ನ ಕೈಲಿ ಆಗಲ್ಲ. ಇನ್ನು ಸ್ವಲ್ಪ ದಿನಕ್ಕೆ ಬೆರಳು ಸರಿಹೋಗುತ್ತೆ, ನೋಡ್ತಿರು” ಎಂದರು. ಹೊದಿಕೆಯನ್ನು ಮತ್ತೆ ಅವರೇ ಹೊದಿಸಿದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಎರಡು ಏಟು ಕೊಡಬೇಕು ಅನಿಸಿತು.

ಮಾರ್ಚ್ 20, ಗುರುವಾರ

ಮಂಡಿ ನೋವು. ಗ್ರೀಸಕ್ಕ ಸೀಟು ಎತ್ತರಿಸಿ ಕೊಟ್ಟಳು, ಈಗ ಪರವಾಗಿಲ್ಲ. ಸೇತುವೆವರೆಗೆ ಹೋಗಿ ಬಂದೆ.

ಮಾರ್ಚ್ 25, ಮಂಗಳವಾರ

ಇವರ ಕೈಗವಸು ಹಾಕಿಕೊಂಡು ಹೋಗಿದ್ದೆ. ದೊಡ್ಡದಾಗುತ್ತದೆ, ಆದರೆ ಅಂಗೈ ಉರಿಯುವುದಿಲ್ಲ. ಗ್ರೀಸಕ್ಕ ಈಗ ನನ್ನನ್ನು ಅಕ್ಕಾ ಎನ್ನುತ್ತಾಳೆ. “ಅಕ್ಕಾ, ಇವತ್ತೂ ಲಿವರ್ ಪರೀಕ್ಷೇನಾ?” ಎಂದು ಕೇಳಿ ಏನೋ ಮುಸಿಮುಸಿ ನಕ್ಕಳು. ಹೌದು ಮತ್ತೆ, ಇಂಥದ್ದನ್ನು ಒಂದೆರಡು ದಿನದಲ್ಲಿ ನಿರ್ಧರಿಸಲು ಆಗುತ್ತದೆಯೇ? ಹಳ್ಳದ ಹತ್ತಿರದ ಏರಿನಲ್ಲಿ ಗಾಳದ್ದು ಒಂದು ಚೂರು ತಡವರಿಸಿದ ಹಾಗಾಯಿತು. ನನಗೆ ಸರಿಯಾಗಿ ಬರಲಿಲ್ಲವೋ ಏನೋ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೂ ಬಿರಡೆಯೇ ಬಿರಡೆ.

ಮೈದುನ ಫೋನು ಮಾಡಿದ್ದ. ದೀಪಸ್ತಂಭಕ್ಕೆ ಒಬ್ಬನೇ ಹೋಗುವುದಿಲ್ಲವಂತೆ. ಈ ವರ್ಷ ಬಿಟ್ಟರೆ ಮುಂದಿನ ವರ್ಷ ಇವರು ಹತ್ತುತ್ತಾರೆಯೇ? ಇಲ್ಲ. ನನಗೆ ಗೊತ್ತು. ಇವರು ಒಮ್ಮೆ ಹೊದಿಕೆ ಹೊದಿಸಿ ಬಿಟ್ಟದ್ದು ಬಿಟ್ಟ ಹಾಗೆಯೇ. ಈಗೀಗ ಸಂಜೆ ಕಿಟಕಿಯ ಹತ್ತಿರ ಕೂರುತ್ತಾರೆ, ರಸ್ತೆಯಲ್ಲಿ ಯಾರಾದರೂ ಸೈಕಲ್ಲಿನಲ್ಲಿ ಹೋದರೆ ಮುಖ ತಿರುಗಿಸುತ್ತಾರೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಮಾರ್ಚ್ 30, ಭಾನುವಾರ

ನನ್ನ ಅಂಗಡಿಗೆ ಭಾನುವಾರ ರಜೆ. ಕಣ್ಣು ಪರೀಕ್ಷೆ ಮಾಡಬೇಕು ಬನ್ನಿ ಎಂದು ಇವರನ್ನು ಕರೆದುಕೊಂಡು ಹೋದೆ. ಪರೀಕ್ಷೆಯ ಕೋಣೆಯಲ್ಲಿ ಕುರ್ಚಿಯ ಎದುರು ಒಂದು ಹಲಗೆ ಕಂಡು, “ಇದೇನು ಕಣ್ಣಿನ ಪರೀಕ್ಷೇನಾ?” ಎಂದರು. ಹಲಗೆಗೆ ಎರಡು ಹ್ಯಾಂಡಲ್ ಬಿಗಿದಿತ್ತು. ಒಂದಕ್ಕೆ ಬಿರಡೆಯ ಬಲ ಲಿವರ್, ಇನ್ನೊಂದಕ್ಕೆ ಗಾಳದ್ದು. ಎರಡಕ್ಕೂ ಕೇಬಲ್, ಅವುಗಳದ್ದೇ ಡಿರೇಲರ್. ಗ್ರೀಸಕ್ಕ ಮಾಡಿಕೊಟ್ಟದ್ದು. ನಾನು ಮಾಡಿದ್ದರೆ ಎತ್ತು ಕೋಣ ಆಗುತ್ತಿತ್ತು.

“ಕೂತ್ಕೊಳ್ಳಿ. ಒಂದೇ ಸಲ, ನನಗೋಸ್ಕರ. ಆಮೇಲೆ ಸೈಕಲ್ಲಿನ ಸುದ್ದಿ ಎತ್ತಲ್ಲ.”

ಕೂತರು. ಗಾಜು ಹಾಕಿ ನೋಡುವ ಚೌಕಟ್ಟನ್ನು ಅವರ ಮೂಗಿನ ಮೇಲೆ ಕೂರಿಸಿ, ಎರಡು ಕಣ್ಣಿಗೂ ಕಪ್ಪು ಬಿಲ್ಲೆ ಹಾಕಿದೆ. “ನಾನೇನು ಮುಟ್ಟಿದ್ರೆ ಗೊತ್ತಾಗ್ದೆ ಇರೋನಾ? ಯಾವ್ದು ಯಾವ್ದು ಅಂತ ನಿದ್ದೇಲೂ ಹೇಳ್ತೀನಿ” ಎಂದು ಗುರುಗುಟ್ಟಿದರು. ಗೊತ್ತಾಗುತ್ತದೆಂದು ನನಗೂ ಗೊತ್ತಿತ್ತು. ಬಿಲ್ಲೆ ಹಾಕಿದ್ದು ಅವರಿಗೆ ಲಿವರ್ ಕಾಣಬಾರದೆಂದಲ್ಲ, ನಾನು ನೋಡುತ್ತಿರುವುದು ಕಾಣಬಾರದೆಂದು.

ಅವರ ಬಲಗೈಯನ್ನು ಬಿರಡೆಯ ಮೇಲಿಟ್ಟೆ. “ಇದಾ?” ಗುಂಡಿ ಒತ್ತಿದರು. ಕಟಕ್ ಎಂದಿತು. ಇನ್ನೊಮ್ಮೆ, ಇನ್ನೂ ಒಮ್ಮೆ ಎಂದೆ. ಕಟಕ್, ಕಟಕ್. ಆಮೇಲೆ ಗಾಳದ್ದರ ಮೇಲಿಟ್ಟೆ. “ಅದಾ?” ಬೆರಳು ಸರಿಯಿತು, ಗೇರು ಬಿತ್ತು. ಸದ್ದಿಲ್ಲ. ಹುಬ್ಬು ಸಡಿಲವಾಯಿತು. ನಾನು ಇಷ್ಟು ವರ್ಷ ಈ ಕೋಣೆಯಲ್ಲಿ ಕಾದು ನೋಡುವ ಹುಬ್ಬು ಅದೇ.

“ಯಾವ್ದು ಹಗುರ?”

“ಮೊದಲನೇದು” ಎಂದರು, ಕೇಳುವ ಮೊದಲೇ ಸಿದ್ಧವಿದ್ದವರ ಹಾಗೆ. “ಸುಮ್ನೆ ಒತ್ತಿದ್ರೂ ಬೀಳ್ತಿದೆ. ಬೆರಳು ಸರಿಹೋಗ್ತಿದೆ ಅಂತ ಹೇಳ್ಲಿಲ್ವಾ ನಾನು?”

“ಮೊದಲನೇದನ್ನೇ ಮತ್ತೆ ಒತ್ತಿ. ಒತ್ತಿ ಹಿಡ್ಕೊಂಡಿರಿ. ಕೈ ಅಲ್ಲಾಡಿಸ್ಬೇಡಿ.”

ಒತ್ತಿ ಹಿಡಿದರು. ನಾನು ಎರಡು ಬಿಲ್ಲೆಗಳನ್ನೂ ತೆಗೆದೆ.

ಅವರ ಎಡಗೈ ತೊಡೆಯ ಮೇಲಿಂದ ಎದ್ದು ಬಂದು ಬಲ ಹೆಬ್ಬೆರಳನ್ನು ಹಿಡಿದು ಒತ್ತುತ್ತಿತ್ತು. ಪ್ರತಿ ಸಲವೂ ಹಾಗೇ ಬಂದಿತ್ತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಮ್ಮ ಕೈಗಳನ್ನೇ ನೋಡುತ್ತಾ ಕೂತರು.

“ನೀವೂ ಬೋರ್ಡ್ ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಿ” ಎಂದೆ. ತಮಾಷೆಯಾಗಿ ಹೇಳಬೇಕೆಂದುಕೊಂಡಿದ್ದೆ. ಆಗಲಿಲ್ಲ. “ಎರಡೂ ಕೈ ಇಲ್ಲೇ ಬಂದ್ರೆ ಹ್ಯಾಂಡಲ್ ಹಿಡ್ಯೋರು ಯಾರ್ರೀ? ಬಿದ್ರೆ? ಗೇರು ಯಾವ್ದಾದ್ರೇನು, ನಂಗೆ ನೀವು ಬೇಕು.”

ಚೌಕಟ್ಟು ತೆಗೆದು ಮೇಜಿನ ಮೇಲಿಟ್ಟು, ಒಬ್ಬರೇ ನಡೆದುಕೊಂಡು ಮನೆಗೆ ಹೋದರು. ನಾನು ಮಾಡಿದ್ದು ಸರಿಯೋ ತಪ್ಪೋ. ಅಂಗಡಿಯಲ್ಲಿ ಎಷ್ಟೋ ಜನಕ್ಕೆ ಅವರ ಕಣ್ಣು ಮಂಜಾಗಿದೆ ಎಂದು ಹೇಳಿದ್ದೇನೆ. ಇಷ್ಟು ಕಷ್ಟವಾಗಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ಮಾತಿಲ್ಲ. ಜಗಳವೂ ಇಲ್ಲ. ಲೋಟ ಕೊಟ್ಟರೆ ತೆಗೆದುಕೊಳ್ಳುತ್ತಾರೆ.

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡವರು ಹೊರಗೆ ಬರಲೇ ಇಲ್ಲ. ಮತ್ತೆ ಬಿದ್ದರೇನೋ ಎಂದು ಬಾಗಿಲು ಬಡಿದೆ. “ಇರೇ, ಎಡಗೈಲಿ ಮಾಡ್ತಿದೀನಿ” ಎಂದರು. ಏನು ಮಾಡುತ್ತಿದ್ದೀರಿ ಎಂದು ಕೇಳುವಷ್ಟರಲ್ಲಿ ಬಾಗಿಲು ತೆರೆಯಿತು.

ಮೀಸೆ ಇಲ್ಲ! ಮೇಲ್ದುಟಿಯ ಮೇಲೆ ಎರಡು ಕಡೆ ಗಾಯ, ಅದಕ್ಕೆ ಅಂಟಿಸಿದ ಕಾಗದದ ಚೂರು. ಮದುವೆಯಾದಾಗಿನಿಂದ ನಾನು ನೋಡಿರದ ಒಂದು ತುಟಿ. ಯಾರೋ ಪರ ಗಂಡಸು ನನ್ನ ಬಚ್ಚಲಲ್ಲಿ ನಿಂತ ಹಾಗಿತ್ತು.

“ಪೂರ್ತಿ ಗಾಳದ್ದೇ ಹಾಕ್ಲಿಕ್ಕೆ ಹೇಳು ಗ್ರೀಸಕ್ಕಂಗೆ” ಎಂದರು. “ಆಡಿದ ಮಾತು ಮೊದ್ಲು ತೀರಿಸ್ಬೇಕು, ಆಮೇಲೆ ಗೇರು.”

ನಾನು ಅಳುತ್ತಾ ನಕ್ಕೆ. ಅಥವಾ ನಗುತ್ತಾ ಅತ್ತೆ. ಅಂಗಡಿ ತಡವಾಗಿ ತೆರೆದೆ.

ಏಪ್ರಿಲ್ 6, ಭಾನುವಾರ

ಮೈದುನ ಬಂದ. ಈ ಗೆಲುವಿಗಾಗಿ ಅವನು ಅರ್ಧ ಆಯುಷ್ಯ ಕಾದಿದ್ದಾನೆ. ಬಾಗಿಲಿಂದ ಒಳಗೆ ಕಾಲಿಟ್ಟ, ಅಣ್ಣನ ಮುಖ ನೋಡಿದ, ಬಾಯಿ ತೆರೆದ. ನೆಟ್ಟಗೆ ನನ್ನ ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡ. “ನಂಗೆ ಹಿಂಗೆ ಗೆಲ್ಲೋದು ಬೇಕಿರ್ಲಿಲ್ಲ ಅತ್ತಿಗೆ” ಎಂದ.

ಒಳಗಿನಿಂದ ಇವರು ಕೂಗಿದರು. “ಏನೋ ಅಲ್ಲಿ ಗುಸುಗುಸು? ಬಾರೋ ಇಲ್ಲಿ, ನಿನ್ನ ಗಾಳದ ಲಿವರ್‌ಗೆ ಎಷ್ಟು ಎಣ್ಣೆ ಹಾಕಿದ್ರೂ ಜೀವಾನೇ ಇಲ್ವಲ್ಲೋ!”

“ಜೀವ ಇರೋ ಮೀನು ಬೇಕಾದ್ರೆ ಗಾಳ ಹಾಕ್ಬೇಕು ಅಣ್ಣಾ!” ಎಂದು ಇವನು ಒದ್ದೆ ಮುಖದಲ್ಲೇ ಓಡಿದ. ಆಮೇಲೆ ನಡುಮನೆಯಲ್ಲಿ ಒಂದೇ ಕೂಗಾಟ. ನಾನು ಸೌಟು ಹಿಡಿದುಕೊಂಡು ಹೋದೆ. ಎಷ್ಟು ದಿನವಾಗಿತ್ತು!

ಬಿಚ್ಚಿದ ಬಿರಡೆ ಗೇರನ್ನು ಇವರು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರು. ಲಿವರುಗಳು, ಡಿರೇಲರ್, ಹಲ್ಲುಚಕ್ರ, ಎಲ್ಲಾ ನನ್ನ ದಿಂಬಿನ ಕವರಿನಲ್ಲಿ ಸುತ್ತಿ. ಬಲಗಡೆಯ ಗುಂಡಿ ಒತ್ತಿ ಒತ್ತಿ ಸವೆದು ನುಣುಪಾಗಿದೆ, ಅವರ ಹೆಬ್ಬೆರಳಿನ ಅಗಲಕ್ಕೆ ಒಂದು ತಗ್ಗು. “ಗ್ರೀಸಕ್ಕಂಗೆ ಕೊಟ್ಬಿಡೋಣ, ಯಾರಿಗಾದ್ರೂ ಆಗುತ್ತೆ” ಎಂದರು.

“ಯಾರಿಗ್ಯಾಕೆ?” ಎಂದುಬಿಟ್ಟೆ. ಇಬ್ಬರೂ ನನ್ನ ಕಡೆ ತಿರುಗಿದರು. “ಅಲ್ಲ… ಗ್ರೀಸಕ್ಕನ ಹತ್ರ ಒಂದು ಹಳೇ ಫ್ರೇಮ್ ಇದೆ. ನನ್ನ ಅಳತೇಗೆ ಸರಿಹೋಗುತ್ತೆ. ಕೆರೆ ದಂಡೇಲಿ, ಸೇತುವೆ ಏರಲ್ಲಿ ಎರಡೂ ಓಡಿಸಿ ನೋಡಿದೀನಿ. ಬಿರಡೆ ಮುಂದೆ ನಿಮ್ಮ ಗಾಳ ಏನೂ ಅಲ್ಲ. ಗೇರು ಬಿದ್ರೆ ಕೈಗೆ ಗೊತ್ತಾಗ್ಬೇಕ್ರೀ.”

ಮೈದುನ ಹಣೆ ಚಚ್ಚಿಕೊಂಡ. “ಅಯ್ಯೋ! ಒಬ್ಬನ್ನ ಪಕ್ಷಕ್ಕೆ ಎಳ್ಕೊಂಡ್ರೆ ಇನ್ನೊಬ್ರು ಹುಟ್ಕೊಂಡ್ರಲ್ಲಪ್ಪಾ!”

ಇವರು ಮುಚ್ಚಳ ಹಾಕಿದರು. ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. ಸುಮ್ಮನೆ ವ್ಯರ್ಥವಾಗಬಾರದೆಂದು ತೆಗೆದುಕೊಂಡೆ. ಇವರಿಬ್ಬರ ಹಾಗೆ ನನಗೇನೂ ಸೈಕಲ್ಲಿನ ಹುಚ್ಚು ಇಲ್ಲ.

ಏಪ್ರಿಲ್ 17, ಗುರುವಾರ

ಗ್ರೀಸಕ್ಕ ಆ ಹಳೇ ಫ್ರೇಮಿಗೆ ಬಿರಡೆ ಗೇರು ಕೂರಿಸಿ ಕೊಟ್ಟಾಗಿದೆ. ಬೆಳಿಗ್ಗೆ ಮಳೆ, ಹೋಗಲಾಗಲಿಲ್ಲ. ಇಡೀ ದಿನ ಸಿಡಿಮಿಡಿ. ಕನ್ನಡಕ ತೆಗೆದುಕೊಳ್ಳಲು ಬಂದವರೊಬ್ಬರಿಗೆ ಲಿವರಿನ ವಿಷಯ ವಿವರಿಸುತ್ತಾ ಕೂತಿದ್ದೆನಂತೆ. ಅವರು ಕನ್ನಡಕ ಬಿಟ್ಟೇ ಹೋಗಿದ್ದಾರೆ.

ಏಪ್ರಿಲ್ 20, ಭಾನುವಾರ

ದೀಪಸ್ತಂಭದ ದಿಬ್ಬ. ಮೂವರೂ ಹೋಗಿದ್ದೆವು.

ಮೈದುನ ಮುಂದೆ, ನಡುವೆ ನಾನು, ಹಿಂದೆ ಇವರು. ಇಷ್ಟು ವರ್ಷ ಮುಂದೆ ಇರುತ್ತಿದ್ದವರು ಇವರೇ. ಕೈ ಆಗಾಗ ಸೋಲುತ್ತದೆ, ನಿಲ್ಲಿಸಿ ಬೆರಳು ಬಿಡಿಸಿಕೊಂಡು ಮತ್ತೆ ಬರುತ್ತಾರೆ. ಅರ್ಧ ಬೆಳೆದ ಮೀಸೆ ಹಲ್ಲುಜ್ಜುವ ಬ್ರಷ್ಷಿನ ಹಾಗಿದೆ. ದಾರಿಯಲ್ಲಿ ಸಿಕ್ಕ ಹಳೆಯ ಸವಾರರೊಬ್ಬರು ಸೈಕಲ್ಲು ನೋಡಿ, ತುಟಿ ನೋಡಿ, ಹೋ ಎಂದು ನಕ್ಕರು. ಇವರೂ ನಕ್ಕರು. ನಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಆದರೆ ನಕ್ಕರು.

ದಿಬ್ಬ ಕಡಿದು. ನಾನು ಹಗುರದ ಗೇರಿನಲ್ಲಿ ಉಬ್ಬಸಪಡುತ್ತಾ, ದೇವರು ದಿಂಡರು ಎಲ್ಲರನ್ನೂ ಕರೆಯುತ್ತಾ ಹತ್ತಿದೆ. ನೆತ್ತಿ ಮುಟ್ಟಿದೆನೋ ಇಲ್ಲವೋ ರಸ್ತೆ ಒಮ್ಮೆಲೇ ಇಳಿಯಿತು. ಎದುರಿಗೆ ಸಮುದ್ರ, ಬಿಳಿಯ ದೀಪಸ್ತಂಭ. ಅದನ್ನು ನೋಡುತ್ತಾ ಗೇರು ಬದಲಿಸುವುದನ್ನೇ ಮರೆತೆ, ಕಾಲುಗಳು ಗಾಳಿಯಲ್ಲಿ ಗಿರಗಿರ ತಿರುಗತೊಡಗಿದವು.

ಅಷ್ಟರಲ್ಲಿ ಇವರು ಪಕ್ಕಕ್ಕೆ ಬಂದರು. “ಒತ್ತೇ! ಹೆಬ್ಬೆರಳು! ಈಗ ಒತ್ತು!”

ಸವೆದ ತಗ್ಗಿನಲ್ಲಿ ಬೆರಳಿಟ್ಟು ಒತ್ತಿದೆ. ಒತ್ತುತ್ತಾ ಅವರ ಕೈ ಕಡೆ ಕಣ್ಣು ಹೋಯಿತು. ಅವರ ಹ್ಯಾಂಡಲಿನಲ್ಲಿ ಆ ಜಾಗದಲ್ಲಿ ಗುಂಡಿ ಇಲ್ಲ, ಬರೀ ರಬ್ಬರು. ಅವರ ಸೋತ ಹೆಬ್ಬೆರಳೂ ಅದರ ಮೇಲೆ ನನ್ನ ಜೊತೆಗೇ ಒತ್ತುತ್ತಿತ್ತು.

ಕಟಕ್ ಎಂದಿತು.

“ಕೇಳಿಸ್ತೇನ್ರೀ?” ಎಂದು ಕೂಗಿದೆ.

“ಕೇಳಿಸ್ತು ಕಣೇ” ಎಂದರು.